ಇಪ್ಪತ್ತಮೂರನೇ ವಿಭಾಗದ ಪ್ರಶ್ನೆ

ಕಳೆದ ಬೇಸಿಗೆಯ ಒಂದು ಭಾನುವಾರ ಮೇರಿಲ್ಯಾಂಡ್‌ನಲ್ಲಿರುವ ಗೆಳೆಯನ ಮನೆಗೆ ಊಟಕ್ಕೆ ಹೋಗಿದ್ದೆ. ಊಟ ಮುಗಿಸಿ ಎಲೆ ಅಡಿಕೆಯ ಡಬ್ಬಿ ತೆಗೆಯುವ ಹೊತ್ತಿಗೆ ಅವನ ಮಗ ಲ್ಯಾಪ್‌ಟಾಪ್ ಹಿಡಿದು ಅದೇ ಮೇಜಿಗೆ ಬಂದು ಕೂತ. ಹುಡುಗನಿಗೆ ಇಪ್ಪತ್ತೆರಡು ವರ್ಷ. ಆಗಷ್ಟೇ ಕಂಪ್ಯೂಟರ್ ಸೈನ್ಸ್ ಮುಗಿಸಿದ್ದ. ಅಮೆರಿಕದ ರಕ್ಷಣಾ ಇಲಾಖೆಗೆ ಗುತ್ತಿಗೆ ಕೆಲಸ ಮಾಡಿಕೊಡುವ ಕಂಪನಿಯೊಂದು ಅವನಿಗೆ ಕೆಲಸ ಕೊಟ್ಟಿತ್ತು. ಆದರೆ ಸೆಕ್ಯುರಿಟಿ ಕ್ಲಿಯರೆನ್ಸ್, ಅಂದರೆ ಸರ್ಕಾರದ ಗುಟ್ಟಿನ ಕಡತ ನೋಡುವ ಅನುಮತಿ, ಸಿಕ್ಕ ಮೇಲೇ ಸೇರಿಕೊಳ್ಳಬೇಕು ಎಂಬ ಷರತ್ತು ಹಾಕಿತ್ತು. ಅದಕ್ಕೆ ತುಂಬಬೇಕಾದ ಫಾರಂ ಎಸ್‌ಎಫ್-86, ನೂರಕ್ಕೂ ಹೆಚ್ಚು ಪುಟದ್ದು. ಇದ್ದ ಮನೆಗಳ ವಿಳಾಸ, ಮಾಡಿದ ಕೆಲಸ, ಭಾರತದಲ್ಲಿರುವ ನೆಂಟರ ವಿವರ ಎಲ್ಲ ತುಂಬಿಯಾಗಿತ್ತು. 23ನೇ ವಿಭಾಗಕ್ಕೆ ಬಂದಾಗ ಅವನ ಬೆರಳು ನಿಂತಿತ್ತು. ಕಳೆದ ಏಳು ವರ್ಷಗಳಲ್ಲಿ ಯಾವುದಾದರೂ ಮಾದಕ ವಸ್ತುವನ್ನು ಕಾನೂನಿಗೆ ವಿರುದ್ಧವಾಗಿ ಬಳಸಿದ್ದೀರಾ ಎಂದು ಕೇಳುವ ವಿಭಾಗ ಅದು.

"ಅಪ್ಪಾ, ಕಾಲೇಜಲ್ಲಿ ಮೂರ್ನಾಲ್ಕು ಸಲ ಗಮ್ಮಿ ತಿಂದಿದೀನಿ. ಅಂಗಡೀಲೇ ತಗೊಂಡಿದ್ದು. ಇಲ್ಲಿ ಲೀಗಲ್ ಅಲ್ವಾ?" ಎಂದ. ಗಮ್ಮಿ ಅಂದರೆ ಗಾಂಜಾದ ಸಾರ ಬೆರೆಸಿದ ಜೆಲ್ಲಿ ಮಿಠಾಯಿ. ನೋಡಲು ಮಕ್ಕಳು ತಿನ್ನುವ ಮಿಠಾಯಿಯಂತೆಯೇ ಇರುತ್ತದೆ. ಸಿಂಕಿನ ಮುಂದೆ ನಿಂತಿದ್ದ ತಾಯಿ ನಲ್ಲಿ ನಿಲ್ಲಿಸಿದರು. ಗೆಳೆಯ ಮಾತ್ರ ಅಡಿಕೆ ಬಾಯಿಗೆ ಹಾಕಿಕೊಂಡು, "ಇಲ್ಲ ಅಂತ ಹಾಕೋ ಮಗನೇ. ಯಾರು ನೋಡೋಕೆ ಬಂದಿದ್ರು?" ಎಂದುಬಿಟ್ಟ.

ಈ ಲೇಖನ ಬರೆಯುತ್ತಿರುವುದು ಆ ಒಂದು ಮಾತಿಗಾಗಿ. ಹುಡುಗ ತಿಂದ ಗಮ್ಮಿಗಿಂತ ಅಪ್ಪ ಪ್ರೀತಿಯಿಂದ ಕೊಟ್ಟ ಆ ಸಲಹೆಯೇ ಹೆಚ್ಚು ಅಪಾಯಕಾರಿ. ಅಮೆರಿಕದಲ್ಲಿ ಬೆಳೆದ ನಮ್ಮ ಮಕ್ಕಳ ಎಷ್ಟೋ ಮನೆಗಳಲ್ಲಿ ಮುಂದಿನ ಹತ್ತು ವರ್ಷ ಇದೇ ಪ್ರಶ್ನೆ ಏಳುತ್ತದೆ, ಇದೇ ಸಲಹೆ ಹೊರಡುತ್ತದೆ ಎಂದು ನನಗೆ ಭಯವಾಗಿದೆ.

ಮೊದಲು ಕಾನೂನು ಹೇಗಿದೆ ನೋಡೋಣ. 1970ರಲ್ಲಿ ಅಮೆರಿಕದ ಸಂಸತ್ತು ಮಾದಕ ವಸ್ತುಗಳನ್ನು ಐದು ಪಟ್ಟಿಗಳಾಗಿ ವಿಂಗಡಿಸುವ ಕಾಯ್ದೆ ಮಾಡಿ, ಗಾಂಜಾವನ್ನು ಹೆರಾಯಿನ್ ಜೊತೆ ಮೊದಲನೇ ಪಟ್ಟಿಯಲ್ಲಿ ಇಟ್ಟಿತು. 2012ರ ನವೆಂಬರ್‌ನಲ್ಲಿ ಕೊಲರಾಡೊ ಮತ್ತು ವಾಷಿಂಗ್ಟನ್ ರಾಜ್ಯಗಳ ಮತದಾರರು ವಯಸ್ಕರು ಖುಷಿಗಾಗಿ ಗಾಂಜಾ ಬಳಸಬಹುದು ಎಂದು ತೀರ್ಮಾನಿಸಿದರು. 2014ರ ಜನವರಿ 1ರಂದು ಕೊಲರಾಡೊದಲ್ಲಿ ಅಂಗಡಿಗಳ ಬಾಗಿಲು ತೆರೆಯಿತು. ಆಮೇಲೆ ಒಂದರ ಹಿಂದೆ ಒಂದು ರಾಜ್ಯ ಅದೇ ದಾರಿ ಹಿಡಿದು ಇಂದು ಅಂಥ ರಾಜ್ಯಗಳು 24 ಆಗಿವೆ. ವರ್ಜೀನಿಯಾ 2021ರ ಜುಲೈ 1ರಿಂದ ಸ್ವಲ್ಪ ಪ್ರಮಾಣ ಇಟ್ಟುಕೊಳ್ಳಲು ಬಿಟ್ಟಿತು. ಮೇರಿಲ್ಯಾಂಡ್‌ನಲ್ಲಿ 2023ರ ಜುಲೈ 1ರಿಂದ ಅಂಗಡಿ ವ್ಯಾಪಾರವೇ ಶುರುವಾಯಿತು. ಪೆಂಟಗನ್ ಮತ್ತು ಸಿಐಎ ಕಚೇರಿ ಇರುವುದು ವರ್ಜೀನಿಯಾದಲ್ಲಿ, ರಾಷ್ಟ್ರೀಯ ಭದ್ರತಾ ಸಂಸ್ಥೆಯ ಫೋರ್ಟ್ ಮೀಡ್ ಇರುವುದು ಮೇರಿಲ್ಯಾಂಡ್‌ನಲ್ಲಿ. ಕ್ಲಿಯರೆನ್ಸ್ ಬೇಕಾಗುವ ಕೆಲಸಗಳು ಅತಿ ಹೆಚ್ಚು ಇರುವ ಜಾಗದಲ್ಲೇ ಗಾಂಜಾ ಕೈಗೆಟುಕುವಂತಾಗಿದೆ.

ರಾಜ್ಯಗಳು ಬದಲಾದರೂ ಕೇಂದ್ರದ, ಅಂದರೆ ಫೆಡರಲ್, ಕಾನೂನು ಬದಲಾಗಲಿಲ್ಲ. ಕ್ಲಿಯರೆನ್ಸ್ ಕೊಡುವುದು ಫೆಡರಲ್ ಸರ್ಕಾರ. ಹೀಗಾಗಿ ಅಂಗಡಿಯಲ್ಲಿ ಗುರುತಿನ ಚೀಟಿ ತೋರಿಸಿ, ರಾಜ್ಯಕ್ಕೆ ತೆರಿಗೆ ಕಟ್ಟಿ, ರಸೀತಿ ಪಡೆದು ತಂದ ಗಮ್ಮಿಯೂ 23ನೇ ವಿಭಾಗದ ಕಣ್ಣಿಗೆ ಕಾನೂನುಬಾಹಿರ ಬಳಕೆಯೇ. ಇದು ವಕೀಲರು ಅರ್ಥ ಬಗೆದು ಹೇಳಿದ್ದಲ್ಲ. ರಾಜ್ಯದ ಕಾನೂನು ಒಪ್ಪಿದ್ದರೂ ಫೆಡರಲ್ ಕಾನೂನಿನ ಪ್ರಕಾರವೇ ಉತ್ತರಿಸಬೇಕು ಎಂದು ಫಾರಂನಲ್ಲೇ ಅಚ್ಚಾಗಿದೆ. ಅಷ್ಟು ಉದ್ದದ ಫಾರಂನಲ್ಲಿ ಆ ಸಾಲನ್ನು ಎಷ್ಟು ಜನ ಓದುತ್ತಾರೋ.

ಹಾಗಾದರೆ ಹೌದು ಎಂದು ಬರೆದರೆ ಕೆಲಸ ಹೋಯಿತೇ? ಇಲ್ಲ. ನಮ್ಮವರಲ್ಲಿ ಬಹಳ ಜನಕ್ಕೆ ಗೊತ್ತಿಲ್ಲದ್ದು ಇದೇ. ಯಾರಿಗೆ ಕ್ಲಿಯರೆನ್ಸ್ ಕೊಡಬಹುದು, ಯಾರಿಗೆ ಕೊಡಬಾರದು ಎಂದು ತೂಗಲು 2017ರ ಜೂನ್ 8ರಿಂದ ಜಾರಿಯಲ್ಲಿರುವ 13 ಮಾರ್ಗಸೂಚಿಗಳಿವೆ. ಎ ಯಿಂದ ಎಂ ವರೆಗಿನ ಅಕ್ಷರಗಳಿಂದ ಅವನ್ನು ಗುರುತಿಸುತ್ತಾರೆ. ನಿಷ್ಠೆ, ವಿದೇಶಿ ಸಂಬಂಧ, ಸಾಲ, ಕುಡಿತ, ಹೀಗೆ. ಎಚ್ ಎನ್ನುವುದು ಮಾದಕ ವಸ್ತುಗಳ ಕುರಿತದ್ದು. ಯಾವುದು ಅಡ್ಡಿ ಎಂದು ಹೇಳುವ ಅದೇ ಮಾರ್ಗಸೂಚಿ, ಆ ಅಡ್ಡಿ ಯಾವಾಗ ಹಗುರವಾಗುತ್ತದೆ ಎಂದೂ ಹೇಳುತ್ತದೆ: ಬಳಕೆ ಹಳೆಯದಾಗಿದ್ದರೆ, ಅಪರೂಪದ್ದಾಗಿದ್ದರೆ, ಮತ್ತೆ ನಡೆಯಲಾರದು ಎಂಬಂಥ ಸಂದರ್ಭದ್ದಾಗಿದ್ದರೆ, ಬಿಟ್ಟು ಸಾಕಷ್ಟು ಕಾಲವಾಗಿದ್ದರೆ, ಬಳಸುವ ಗೆಳೆಯರ ಸಹವಾಸ ಕಡಿದುಕೊಂಡಿದ್ದರೆ, ಇನ್ನು ಮುಂದೆ ಮುಟ್ಟುವುದಿಲ್ಲ, ಮುಟ್ಟಿದರೆ ಕ್ಲಿಯರೆನ್ಸ್ ಹಿಂದಕ್ಕೆ ಪಡೆಯಬಹುದು ಎಂದು ಸಹಿ ಹಾಕಿ ಬರೆದುಕೊಟ್ಟರೆ. ಆ ಹೊತ್ತಿನ ವಯಸ್ಸನ್ನೂ ಬಲಿತ ಬುದ್ಧಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂಬ ಸೂಚನೆಯೂ ಇದೆ. ಇಡೀ ಮನುಷ್ಯನನ್ನು ನೋಡಿ ತೂಗಿ ಎನ್ನುವುದು ಅದರ ಧೋರಣೆ.

2021ರ ಡಿಸೆಂಬರ್ 21ರಂದು ಆಗಿನ ರಾಷ್ಟ್ರೀಯ ಗುಪ್ತಚರ ನಿರ್ದೇಶಕಿ ಅವ್ರಿಲ್ ಹೇನ್ಸ್ ಎಲ್ಲ ಇಲಾಖೆಗಳಿಗೂ ಒಂದು ಟಿಪ್ಪಣಿ ಕಳಿಸಿದರು. ಹಿಂದೆ ಖುಷಿಗಾಗಿ ಗಾಂಜಾ ಬಳಸಿದ್ದು ಗಮನಿಸಬೇಕಾದ ಸಂಗತಿಯೇ, ಆದರೆ ಅದೊಂದೇ ನಿರ್ಣಾಯಕವಲ್ಲ ಎಂಬುದು ಅದರ ತಿರುಳು. ಎಫ್‌ಬಿಐ ಕೂಡ ಆ ವರ್ಷ ತನ್ನ ನಿಯಮ ಸಡಿಲಿಸಿತು. ಮೊದಲು ಅರ್ಜಿಗೆ ಮುಂಚಿನ ಮೂರು ವರ್ಷ ಗಾಂಜಾ ಮುಟ್ಟಿರಬಾರದಿತ್ತು, ಈಗ ಒಂದು ವರ್ಷ. ಇತರ ಮಾದಕ ವಸ್ತುಗಳಿಗೆ ಮಾತ್ರ ಹತ್ತು ವರ್ಷದ ಗಡಿ ಹಾಗೇ ಇದೆ. 2014ರಲ್ಲೇ ಆಗಿನ ಎಫ್‌ಬಿಐ ನಿರ್ದೇಶಕ ಜೇಮ್ಸ್ ಕೋಮಿ, ಸೈಬರ್ ಕಳ್ಳರನ್ನು ಹಿಡಿಯಲು ಬೇಕಾದ ಹುಡುಗರಲ್ಲಿ ಕೆಲವರು ಸಂದರ್ಶನಕ್ಕೆ ಬರುವ ದಾರಿಯಲ್ಲೇ ಗಾಂಜಾ ಸೇದಲು ಬಯಸುವವರು ಎಂದು ಬಹಿರಂಗವಾಗಿ ಹೇಳಿ ಸೆನೆಟರ್ ಒಬ್ಬರಿಂದ ಬೈಸಿಕೊಂಡಿದ್ದರು. ಜಾಣ ಹುಡುಗರು ಕೈತಪ್ಪಿ ಹೋಗುತ್ತಿದ್ದಾರೆ ಎಂಬ ಆತಂಕ ಸರ್ಕಾರಕ್ಕೂ ಇದೆ. ಬಾಗಿಲು ಮುಚ್ಚಿಲ್ಲ.

ಹಾಗಿದ್ದೂ ಎಡವುವವರು ಎಡವುತ್ತಲೇ ಇದ್ದಾರೆ, ಅದು ಬೇರೆ ಕಡೆ. ರಕ್ಷಣಾ ಇಲಾಖೆಯ ಅಡಿಯಲ್ಲಿ ಇಂಥ ತಕರಾರುಗಳನ್ನು ವಿಚಾರಿಸುವ ಕಚೇರಿಯೊಂದಿದೆ, ಡೋಹಾ ಎಂದು ಕರೆಯುತ್ತಾರೆ. ಅದರ ನ್ಯಾಯಾಧೀಶರ ತೀರ್ಪುಗಳು ಅರ್ಜಿದಾರರ ಹೆಸರು ತೆಗೆದು ಸಾರ್ವಜನಿಕವಾಗಿ ಪ್ರಕಟವಾಗುತ್ತವೆ. ಆ ಭಾನುವಾರದ ನಂತರ ರಾತ್ರಿ ಹೊತ್ತು ಕೂತು ಅವನ್ನು ಓದತೊಡಗಿದೆ. ಓದುತ್ತ ಹೋದಂತೆ ಒಂದೇ ಕಥೆ ಮತ್ತೆ ಮತ್ತೆ ಎದುರಾಗುತ್ತದೆ. ಇಪ್ಪತ್ತೆರಡಕ್ಕೆ ಮೊದಲ ಫಾರಂನಲ್ಲಿ ಇಲ್ಲ ಎಂದು ಬರೆದವರು, ಕೆಲವು ವರ್ಷದ ನಂತರ ಮೇಲಿನ ಹಂತದ ಕ್ಲಿಯರೆನ್ಸ್‌ಗೆ ಅರ್ಜಿ ಹಾಕುವಾಗ, ಇಲ್ಲವೇ ಸುಳ್ಳು ಪತ್ತೆ ಯಂತ್ರದ ಮುಂದೆ ಕೂತಾಗ ನಿಜ ಹೇಳುತ್ತಾರೆ. ಆಗ ಎರಡು ಫಾರಂಗಳನ್ನು ಅಕ್ಕಪಕ್ಕ ಇಟ್ಟು ನೋಡುತ್ತಾರೆ. ಗಾಂಜಾ ಸೇದಿದ್ದು ಅಷ್ಟು ಹೊತ್ತಿಗೆ ಹಳೆಯ ಮಾತಾಗಿ ಕ್ಷಮೆಗೆ ಅರ್ಹವಾಗಿರುತ್ತದೆ. ಸುಳ್ಳು ಬರೆದದ್ದು ಮಾತ್ರ ಎಚ್ ಮಾರ್ಗಸೂಚಿಯಿಂದ ಇ ಮಾರ್ಗಸೂಚಿಗೆ, ಅಂದರೆ ನಡತೆಯ ವಿಭಾಗಕ್ಕೆ, ವರ್ಗವಾಗುತ್ತದೆ. ಅಲ್ಲಿ ಕಾಲ ಕಳೆದಷ್ಟಕ್ಕೆ ಅದು ಮಾಸುವುದಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದು ನಮ್ಮವರು ಹೇಳುವುದು ಇಂಥದ್ದಕ್ಕೇ.

ಸುಳ್ಳಿಗೆ ಕ್ರಿಮಿನಲ್ ಶಿಕ್ಷೆಯೂ ಇದೆ. ಫೆಡರಲ್ ಸರ್ಕಾರಕ್ಕೆ ಗೊತ್ತಿದ್ದೂ ಸುಳ್ಳು ಮಾಹಿತಿ ಕೊಟ್ಟರೆ ಐದು ವರ್ಷದವರೆಗೆ ಸೆರೆವಾಸ. ಅದೇ 23ನೇ ವಿಭಾಗದ ಮೇಲ್ಭಾಗದಲ್ಲಿ ಒಂದು ಅಭಯವೂ ಇದೆ: ಇಲ್ಲಿ ಕೊಟ್ಟ ಸತ್ಯವಾದ ಉತ್ತರವನ್ನಾಗಲಿ, ಅದರಿಂದ ಹೊರಟ ಮಾಹಿತಿಯನ್ನಾಗಲಿ ಮುಂದೆ ಕ್ರಿಮಿನಲ್ ಮೊಕದ್ದಮೆಯಲ್ಲಿ ನಿಮ್ಮ ವಿರುದ್ಧ ಸಾಕ್ಷ್ಯವಾಗಿ ಬಳಸುವುದಿಲ್ಲ. ಸತ್ಯ ಹೇಳಿದವನಿಗೆ ರಕ್ಷಣೆ, ಸುಳ್ಳು ಹೇಳಿದವನಿಗೆ ಶಿಕ್ಷೆ. ಎರಡೂ ಒಂದೇ ಫಾರಂನ ಒಳಗೆ.

ಇಷ್ಟೊಂದು ಕಟ್ಟುನಿಟ್ಟು ಯಾಕೆ? ಗುಟ್ಟಿನ ಕಡತ ನೋಡುವ ವ್ಯಕ್ತಿಗೆ ತನ್ನದೇ ಗುಟ್ಟೊಂದು ಇದ್ದರೆ ಅದನ್ನು ಹಿಡಿದು ಅವನನ್ನು ಬೆದರಿಸಬಹುದು. ಆ ಗುಟ್ಟು ಸರ್ಕಾರಕ್ಕೆ ಮೊದಲೇ ಗೊತ್ತಿದ್ದರೆ ಬೆದರಿಸುವವನ ಕೈ ಖಾಲಿ. ಇದು ಬರೀ ಊಹೆಯ ಮಾತಲ್ಲ. 2015ರಲ್ಲಿ ಅಮೆರಿಕದ ಸಿಬ್ಬಂದಿ ನಿರ್ವಹಣಾ ಕಚೇರಿಯ ಕಂಪ್ಯೂಟರ್‌ಗಳಿಗೆ ಕನ್ನ ಬಿದ್ದು, ಹಿನ್ನೆಲೆ ತನಿಖೆಗೆ ಒಳಗಾದವರು ಮತ್ತು ಅವರ ಮನೆಯವರು ಸೇರಿ 2 ಕೋಟಿ 15 ಲಕ್ಷ ಜನರ ದಾಖಲೆ ಕಳವಾದದ್ದು ಬಯಲಾಯಿತು. ಇದೇ ಎಸ್‌ಎಫ್-86 ಫಾರಂಗಳಲ್ಲಿ ಜನ ತೋಡಿಕೊಂಡ ವಿವರಗಳೂ ಅದರಲ್ಲಿದ್ದವು.

ಯಾರು ನೋಡೋಕೆ ಬಂದಿದ್ದರು ಎಂದು ಗೆಳೆಯ ಕೇಳಿದ್ದನಲ್ಲ, ಅದಕ್ಕೂ ಉತ್ತರವಿದೆ. ತನಿಖೆಯವರು ಕಾಲೇಜಿನ ರೂಮ್‌ಮೇಟ್‌ನನ್ನು ಮಾತಾಡಿಸಬಹುದು, ನೆರೆಮನೆಯವರ ಬಾಗಿಲು ತಟ್ಟಬಹುದು. ಆ ಹುಡುಗನ ಜೊತೆ ಗಮ್ಮಿ ತಿಂದ ಗೆಳೆಯನೇ ನಾಳೆ ತನ್ನ ಫಾರಂ ತುಂಬುವಾಗ ಇವನ ಹೆಸರು ಹೇಳಬಹುದು. ಮೊದಲೆಲ್ಲ ಐದು ಅಥವಾ ಹತ್ತು ವರ್ಷಕ್ಕೊಮ್ಮೆ ಮರುತನಿಖೆ ನಡೆಯುತ್ತಿತ್ತು. ಈಗ ಕ್ಲಿಯರೆನ್ಸ್ ಇರುವವರ ಮೇಲೆ ನಿರಂತರ ನಿಗಾ ಬಂದಿದೆ. ಪೊಲೀಸ್ ದಾಖಲೆ, ಸಾಲದ ದಾಖಲೆ ಮುಂತಾದವನ್ನು ಕಂಪ್ಯೂಟರ್ ತಾನೇ ಜಾಲಾಡುತ್ತಿರುತ್ತದೆ. ಹೀಗೆ ನಿಗಾದಲ್ಲಿರುವವರು ಸುಮಾರು 40 ಲಕ್ಷ ಜನ.

ಕ್ಲಿಯರೆನ್ಸ್ ಸಿಕ್ಕ ಮೇಲೆ ಒಂದೇ ಒಂದು ಸಲ ಮುಟ್ಟಿದರೂ ಕಥೆ ಬೇರೆ. ಅದರ ಬಗೆಗಿನ ಪ್ರಶ್ನೆಗೆ ಏಳು ವರ್ಷದ ಮಿತಿಯಿಲ್ಲ. ಕ್ಲಿಯರೆನ್ಸ್ ಇದ್ದಾಗ ಎಂದಾದರೂ ಬಳಸಿದ್ದೀರಾ ಎಂದೇ ಫಾರಂ ಕೇಳುತ್ತದೆ. ಗೆಳೆಯನ ಮದುವೆಗೆ ಮುಂಚೆ ಲಾಸ್ ವೇಗಸ್‌ಗೆ ಹೋಗಿ ಯಾರೋ ಕೊಟ್ಟ ಗಾಂಜಾ ಚಾಕೊಲೇಟ್ ತಿಂದೆ ಎಂಬಂಥದ್ದೂ ಜೀವನಪೂರ್ತಿ ಉತ್ತರ ಕೊಡಬೇಕಾದ ವಿಷಯವಾಗುತ್ತದೆ. ಅದೇ ರೀತಿ, ನಮ್ಮ ರಾಜ್ಯದಲ್ಲಿ ತಪ್ಪಲ್ಲ, ಮುಂದೆಯೂ ವಾರಾಂತ್ಯಕ್ಕೆ ತಗೊಳ್ತೀನಿ ಎಂದು ಪ್ರಾಮಾಣಿಕವಾಗಿ ಹೇಳಿದವನಿಗೂ ಬಾಗಿಲು ತೆರೆಯುವುದಿಲ್ಲ. ಈಗಲೂ ಬಳಸುತ್ತಿರುವವರಿಗೆ ಕ್ಲಿಯರೆನ್ಸ್ ಕೊಡಕೂಡದು ಎಂದು 2008ರಲ್ಲಿ ಸಂಸತ್ತೇ ಕಾನೂನು ಮಾಡಿದೆ. ಬಾಂಡ್ ತಿದ್ದುಪಡಿ ಎಂದು ಅದರ ಹೆಸರು. ಹಿಂದಿನದ್ದಕ್ಕೆ ಕ್ಷಮೆಯುಂಟು, ಇಂದಿನದ್ದಕ್ಕಿಲ್ಲ.

ಇದು ಕೆಲವರ ಪಾಡು ತಾನೇ ಎಂದು ಬಿಡುವಂತಿಲ್ಲ. ಮುಂದೆ ಏನು ಬರಲಿದೆ ಎಂಬುದಕ್ಕೆ ಅಂಕಿಅಂಶಗಳೇ ಸಾಕ್ಷಿ. ಅಮೆರಿಕದ ಆರೋಗ್ಯ ಇಲಾಖೆ ಮಾಡುವ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ 2023ರಲ್ಲಿ ಹನ್ನೆರಡು ವರ್ಷ ದಾಟಿದವರಲ್ಲಿ ಆರು ಕೋಟಿಗೂ ಹೆಚ್ಚು ಜನ ಆ ವರ್ಷ ಗಾಂಜಾ ಬಳಸಿದ್ದರು. ಹದಿನೆಂಟರಿಂದ ಇಪ್ಪತ್ತೈದರೊಳಗಿನವರಲ್ಲಂತೂ ಮೂರರಲ್ಲಿ ಒಬ್ಬರಿಗಿಂತ ಹೆಚ್ಚು. ಎಸ್‌ಎಫ್-86 ಮೊದಲ ಸಲ ಕೈಗೆ ಬರುವ ವಯಸ್ಸೂ ಅದೇ. ಇಂದು ಹದಿನೆಂಟಾದವರು ಅಂಗಡಿಗಳನ್ನು ನೋಡುತ್ತಲೇ ಬೆಳೆದವರು. ಅವರಿಗೆ ಅದು ಬಿಯರ್‌ನಂತೆ ಇನ್ನೊಂದು ಸರಕು.

ಬಳಸುವವರ ಸಂಖ್ಯೆ ಏರಿದಂತೆ ವಸ್ತುವಿನ ಗುಣವೂ ಬದಲಾಗಿದೆ. ಅಮೆರಿಕದ ಪೊಲೀಸರು ವಶಪಡಿಸಿಕೊಂಡ ಗಾಂಜಾದಲ್ಲಿ ಅಮಲು ತರುವ ಟಿಎಚ್‌ಸಿ ಎಂಬ ರಾಸಾಯನಿಕದ ಪ್ರಮಾಣ 1995ರಲ್ಲಿ ಸರಾಸರಿ ಶೇ. 4ರಷ್ಟಿತ್ತು, 2021ಕ್ಕೆ ಅದು ಶೇ. 15 ದಾಟಿತು. ಬಳಸುವವರಲ್ಲಿ ಹತ್ತರಲ್ಲಿ ಮೂವರಿಗೆ ಬಿಡಲಾರದ ಚಟದ ಲಕ್ಷಣಗಳು ಕಾಣಿಸುತ್ತವೆ ಎನ್ನುತ್ತದೆ ಅಲ್ಲಿನ ರೋಗ ನಿಯಂತ್ರಣ ಕೇಂದ್ರ. ವೈದ್ಯರು ಅದನ್ನು ರೋಗವೆಂದು ಬರೆದ ಮೇಲೆ ಎಚ್ ಮಾರ್ಗಸೂಚಿಯ ತೂಕವೂ ಹೆಚ್ಚುತ್ತದೆ. ಟಿಎಚ್‌ಸಿ ಕೊಬ್ಬಿನಲ್ಲಿ ಕರಗುವ ವಸ್ತು, ಹಾಗಾಗಿ ಮೈಯಲ್ಲಿ ಉಳಿದುಕೊಳ್ಳುತ್ತದೆ. ಒಮ್ಮೆ ಬಳಸಿದವನ ಮೂತ್ರದಿಂದ ಕೆಲವು ದಿನಗಳಲ್ಲಿ ಹೋದೀತು. ದಿನವೂ ಬಳಸಿದವನಲ್ಲಿ ನಿಲ್ಲಿಸಿ ತಿಂಗಳಾದರೂ ಸಿಗಬಹುದು. ಗಮ್ಮಿಯದ್ದು ಇನ್ನೊಂದು ತೊಂದರೆ. ಅದು ಹೊಟ್ಟೆಗಿಳಿದು, ಪಿತ್ತಜನಕಾಂಗದಲ್ಲಿ ಇನ್ನೊಂದು ರೂಪ ತಾಳಿ ತಲೆಗೆ ಏರಲು ಅರ್ಧ ಗಂಟೆಯಿಂದ ಎರಡು ಗಂಟೆ ಬೇಕು. ಏನೂ ಆಗಲಿಲ್ಲ ಎಂದುಕೊಂಡು ಇನ್ನೊಂದು ತಿಂದುಬಿಡುತ್ತಾರೆ.

ಗಾಂಜಾ ಎಂದು ಗೊತ್ತಿಲ್ಲದೆ ತಿಂದರೂ ಮೂತ್ರ ಪರೀಕ್ಷೆಯಲ್ಲಿ ಸಿಕ್ಕಿಬೀಳಬಹುದು. 2018ರ ಕೃಷಿ ಮಸೂದೆ ಅಮಲಿಲ್ಲದ ಜಾತಿಯ ಗಾಂಜಾ ಗಿಡವನ್ನು, ಅಂದರೆ ಹೆಂಪನ್ನು, ನಿಷೇಧದಿಂದ ಹೊರಗಿಟ್ಟಿತು. ಒಣ ತೂಕದಲ್ಲಿ ಟಿಎಚ್‌ಸಿ ಶೇ. 0.3 ಮೀರಬಾರದು ಎಂಬುದಷ್ಟೇ ಷರತ್ತು. ಆ ಬಾಗಿಲಿಂದ ಹೆಂಪಿನಿಂದ ತೆಗೆದ ಸಿಬಿಡಿ ಎಂಬ ರಾಸಾಯನಿಕದ ಎಣ್ಣೆ, ಮಂಡಿನೋವಿನ ಮುಲಾಮು, ನಿದ್ದೆಯ ಗಮ್ಮಿ ಎಲ್ಲ ಪೆಟ್ರೋಲ್ ಬಂಕ್‌ಗಳವರೆಗೂ ನುಗ್ಗಿದವು. 2017ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟವಾಗಿತ್ತು. ಆನ್‌ಲೈನ್‌ನಲ್ಲಿ ಕೊಂಡ 84 ಸಿಬಿಡಿ ಪದಾರ್ಥಗಳನ್ನು ಪರೀಕ್ಷಿಸಿದಾಗ ಚೀಟಿಯಲ್ಲಿ ಬರೆದಷ್ಟೇ ಸಿಬಿಡಿ ಇದ್ದದ್ದು 26ರಲ್ಲಿ ಮಾತ್ರ. 18ರಲ್ಲಿ ಟಿಎಚ್‌ಸಿಯೇ ಸಿಕ್ಕಿತು. ಹೇನ್ಸ್ ಅವರ ಟಿಪ್ಪಣಿಯೂ ಇದೇ ಎಚ್ಚರಿಕೆ ಕೊಟ್ಟಿದೆ: ಸಿಬಿಡಿ ಪದಾರ್ಥದಿಂದ ಪರೀಕ್ಷೆ ಪಾಸಿಟಿವ್ ಬರಬಹುದು. ಬಾಟಲಿ ಮೇಲೆ ಹಾಗೆ ಬರೆದಿರಲಿಲ್ಲ ಎಂಬ ಸಮಾಧಾನ ನಡೆಯುತ್ತದೆ ಎಂದು ನಂಬಿಕೊಂಡು ಕೂರುವಂತಿಲ್ಲ.

ಈ ಬಾಗಿಲನ್ನೂ ಮುಚ್ಚುವ ಕೆಲಸ ಶುರುವಾಗಿದೆ. 2025ರ ನವೆಂಬರ್ 12ರಂದು ಸಹಿಯಾದ ಕಾನೂನು ಹೆಂಪಿನ ವ್ಯಾಖ್ಯೆಯನ್ನು ಬಿಗಿಮಾಡಿ, ಒಂದು ಡಬ್ಬಿಯಲ್ಲಿ 0.4 ಮಿಲಿಗ್ರಾಂಗಿಂತ ಹೆಚ್ಚು ಟಿಎಚ್‌ಸಿ ಇರಬಾರದು ಎಂದಿತು. ಜಾರಿಗೆ ಒಂದು ವರ್ಷದ ಗಡುವು ಕೊಟ್ಟಿತು. ಗಮ್ಮಿಯೊಂದರಲ್ಲೇ ಸಾಮಾನ್ಯವಾಗಿ ಐದು ಹತ್ತು ಮಿಲಿಗ್ರಾಂ ಇರುತ್ತದೆ ಎಂದರೆ ಈ ಮಿತಿ ಎಷ್ಟು ಚಿಕ್ಕದೆಂದು ಊಹಿಸಿಕೊಳ್ಳಿ. ಅದೇ ಅಂಗಡಿ, ಅದೇ ಡಬ್ಬಿ, ಅದೇ ರುಚಿ. ಒಂದು ದಿನ ಸರಕು, ಮರುದಿನ ನಿಷಿದ್ಧ ವಸ್ತು. ತಾರೀಖು ನೋಡಿಕೊಂಡು ತಿನ್ನುವವರು ಯಾರಿದ್ದಾರೆ?

ಇನ್ನೊಂದು ಸುದ್ದಿ ಇದಕ್ಕಿಂತ ಹೆಚ್ಚು ದಾರಿ ತಪ್ಪಿಸುವಂಥದ್ದು. ಗಾಂಜಾವನ್ನು ಮೊದಲನೇ ಪಟ್ಟಿಯಿಂದ ಮೂರನೇ ಪಟ್ಟಿಗೆ ಇಳಿಸುವ ಪ್ರಸ್ತಾವ 2024ರ ಮೇ ತಿಂಗಳಲ್ಲಿ ಬಂತು. 2025ರ ಡಿಸೆಂಬರ್‌ನಲ್ಲಿ ಅಧ್ಯಕ್ಷ ಟ್ರಂಪ್ ಆ ಕೆಲಸ ಬೇಗ ಮುಗಿಸಿ ಎಂದು ಆದೇಶ ಹೊರಡಿಸಿದರು. ಕೇಳಿದವರು ಗಾಂಜಾ ಸಲೀಸಾಯಿತು ಎಂದುಕೊಳ್ಳುತ್ತಾರೆ. ಮೂರನೇ ಪಟ್ಟಿಯಲ್ಲಿ ಕೆಟಮಿನ್ ಇದೆ, ದೇಹದಾರ್ಢ್ಯದವರು ಕದ್ದು ಬಳಸುವ ಸ್ಟೀರಾಯ್ಡ್ ಇದೆ. ವೈದ್ಯರ ಚೀಟಿಯಿಲ್ಲದೆ ಅವನ್ನು ತೆಗೆದುಕೊಳ್ಳುವುದು ಕಾನೂನುಬಾಹಿರವೇ, ಎಚ್ ಮಾರ್ಗಸೂಚಿ ಅದನ್ನೂ ದುರುಪಯೋಗವೆಂದೇ ಎಣಿಸುತ್ತದೆ. ಪಟ್ಟಿಯ ಅಂಕಿ ಬದಲಾದರೆ ಸಂಶೋಧಕರಿಗೂ ವ್ಯಾಪಾರಿಗಳ ತೆರಿಗೆಗೂ ದೊಡ್ಡ ಅನುಕೂಲ. ಖುಷಿಗಾಗಿ ಗಮ್ಮಿ ತಿಂದು ಫಾರಂ ತುಂಬಲು ಕೂತ ಹುಡುಗನಿಗೆ ಅದರಿಂದ ರಕ್ಷಣೆಯಿಲ್ಲ.

ಅದೇ ವಿಭಾಗದಲ್ಲಿ ನಮ್ಮ ಮನೆಗಳಿಗೆ ತೀರಾ ಹತ್ತಿರದ ಪ್ರಶ್ನೆಯೊಂದಿದೆ: ಚೀಟಿ ಮೇಲೆ ಕೊಡುವ ಔಷಧವನ್ನು ದುರುಪಯೋಗ ಮಾಡಿಕೊಂಡಿದ್ದೀರಾ? ಕಾಲೇಜಿನ ಪರೀಕ್ಷೆಯ ಹಿಂದಿನ ರಾತ್ರಿ ರೂಮ್‌ಮೇಟ್ ಕೊಟ್ಟ, ಏಕಾಗ್ರತೆಗೆಂದು ವೈದ್ಯರು ಬರೆದುಕೊಡುವ ಆ್ಯಡರಾಲ್ ಮಾತ್ರೆ ನುಂಗಿದ್ದು ದುರುಪಯೋಗ. ಅದು ಎರಡನೇ ಪಟ್ಟಿಯ ವಸ್ತು, ಗಾಂಜಾಕ್ಕೆ ಸಿಗುವಷ್ಟು ಮೃದುತ್ವವೂ ಅದಕ್ಕೆ ಸಿಗಲಿಕ್ಕಿಲ್ಲ. ಊರಿಂದ ಬರುವ ಅಪ್ಪ ಅಮ್ಮ ಸೂಟ್‌ಕೇಸಿನಲ್ಲಿ ಔಷಧದ ಪೊಟ್ಟಣ ತರುತ್ತಾರೆ. ನಿದ್ದೆ ಬರದಿದ್ದರೆ ಆಲ್ಪ್ರಜೋಲಾಮ್, ಬೆನ್ನುನೋವಿಗೆ ಟ್ರಮಡಾಲ್. ಎರಡೂ ಅಮೆರಿಕದಲ್ಲಿ ನಾಲ್ಕನೇ ಪಟ್ಟಿಯವು. "ನನ್ನ ಮಾತ್ರೆ ಒಂದು ತಗೋ ಪುಟ್ಟಾ, ಬೆಳಗ್ಗೆ ಸರಿಹೋಗುತ್ತೆ" ಎಂದು ಅಜ್ಜಿ ಕೊಡುತ್ತಾರೆ. ನಮ್ಮಲ್ಲಿ ಅದು ಅಕ್ಕರೆ. ಒಬ್ಬರ ಹೆಸರಿನ ಮಾತ್ರೆಯನ್ನು ಇನ್ನೊಬ್ಬರು ನುಂಗಬಾರದು ಎಂಬ ಅಭ್ಯಾಸ ನಮ್ಮ ಮನೆಗಳಿಗೆ ಇನ್ನೂ ಬಂದಿಲ್ಲ, ಬರಬೇಕು.

ಕ್ಲಿಯರೆನ್ಸ್ ಅಮೆರಿಕದ ಪ್ರಜೆಗಳಿಗೆ ಮಾತ್ರ, ನನಗಿನ್ನೂ ಗ್ರೀನ್ ಕಾರ್ಡ್ ಎನ್ನುವ ಓದುಗರಿಗೆ ಎರಡು ಮಾತು. ಅಪಾಯ ನಿಮಗೇ ಹೆಚ್ಚು. 2019ರ ಏಪ್ರಿಲ್‌ನಲ್ಲಿ ವಲಸೆ ಇಲಾಖೆ ಸ್ಪಷ್ಟವಾಗಿ ಹೇಳಿದೆ: ರಾಜ್ಯದ ಕಾನೂನು ಒಪ್ಪಿದ್ದರೂ ಗಾಂಜಾ ಬಳಕೆ ಪೌರತ್ವಕ್ಕೆ ಬೇಕಾದ ಸನ್ನಡತೆಗೆ ಅಡ್ಡಿಯಾಗಬಹುದು. ಗಾಂಜಾ ಉದ್ಯಮದಲ್ಲಿ ಕೆಲಸ ಮಾಡಿದ್ದೂ ಅಡ್ಡಿಯಾಗಬಹುದು ಎಂದಿದೆ. ಗಾಂಜಾ ಅಂಗಡಿಗಳ ಲೆಕ್ಕ ಬರೆಯುವ, ಅವಕ್ಕೆ ಸಾಫ್ಟ್‌ವೇರ್ ಮಾಡಿಕೊಡುವ ಕೆಲಸ ಸಿಕ್ಕರೆ ಸೇರುವ ಮೊದಲು ವಲಸೆ ವಕೀಲರನ್ನು ಕೇಳಿ. ಕೋರ್ಟಿನಲ್ಲಿ ಶಿಕ್ಷೆಯಾಗಿರಬೇಕೆಂದೂ ಇಲ್ಲ; ಅಧಿಕಾರಿಯ ಮುಂದೆ ಕಾನೂನು ಮುರಿದದ್ದನ್ನು ಒಪ್ಪಿಕೊಂಡದ್ದೇ ದೇಶದೊಳಕ್ಕೆ ಬಿಡದಿರಲು ಕಾರಣವಾಗಬಹುದು. ಪ್ರಜೆಗೆ 23ನೇ ವಿಭಾಗದಲ್ಲಿ ಸಿಗುವ ಅಭಯ ವಲಸಿಗನಿಗೆ ವೀಸಾ ಕೌಂಟರಿನಲ್ಲಿ ಸಿಗುವುದಿಲ್ಲ. ಹಾಗೆಂದು ಅಲ್ಲಿ ಸುಳ್ಳು ಹೇಳಿದರೆ ಅದು ಇನ್ನೊಂದು ಅಪರಾಧ. ಇವರಿಗೆ ಉಳಿದ ಸುರಕ್ಷಿತ ದಾರಿ ಒಂದೇ, ಮುಟ್ಟದಿರುವುದು. ಉತ್ತರ ಕರ್ನಾಟಕದ ಕೆಲವು ಮಠ ಗುಡಿಗಳಲ್ಲಿ ಭಂಗಿ ಸೊಪ್ಪಿಗೆ ಹಿಂದಿನಿಂದ ಬಂದ ಒಂದು ಜಾಗವಿದೆ, ಭಾರತದ ಕಾಯ್ದೆಯೂ ಬರೀ ಎಲೆಯನ್ನು ಗಾಂಜಾ ಎಂದು ಎಣಿಸುವುದಿಲ್ಲ. ಆದರೆ ಆ ಸಡಿಲಿಕೆಯನ್ನು ಜೇಬಿನಲ್ಲಿಟ್ಟುಕೊಂಡು ಅಮೆರಿಕಕ್ಕೆ ಹೋಗಲಾಗದು. ಎಫ್‌ಬಿಐ ನಿಯಮವಂತೂ ದೇಶದ ಒಳಗಾಗಲಿ ಹೊರಗಾಗಲಿ ಎಲ್ಲಿ ಬಳಸಿದ್ದರೂ ಒಂದೇ ಎನ್ನುತ್ತದೆ.

ಈ ವ್ಯವಸ್ಥೆ ನ್ಯಾಯವಾಗಿದೆ ಎಂದು ನಾನು ಹೇಳುತ್ತಿಲ್ಲ. ಒಂದು ಸರ್ಕಾರ ಪರವಾನಗಿ ಕೊಟ್ಟು ತೆರಿಗೆ ವಸೂಲಿ ಮಾಡಿದ ವಸ್ತುವಿಗೆ ಇನ್ನೊಂದು ಸರ್ಕಾರ ಇಪ್ಪತ್ತೆರಡು ವರ್ಷದ ಹುಡುಗನನ್ನು ಹೊಣೆ ಮಾಡುವುದು ತಪ್ಪು. ಫೆಡರಲ್ ಕೆಲಸಕ್ಕೆ, ವಲಸೆಗೆ ಇದರಿಂದ ಅಡ್ಡಿಯಾಗಬಹುದು ಎಂಬ ಎಚ್ಚರಿಕೆಯನ್ನು ಪ್ರತಿ ಗಾಂಜಾ ಅಂಗಡಿಯ ಕೌಂಟರಿನ ಮೇಲೂ ದೊಡ್ಡಕ್ಷರದಲ್ಲಿ ಹಾಕಬೇಕು. ಸಿಗರೇಟಿನ ಪ್ಯಾಕಿನ ಮೇಲೆ ಹಾಕುವಾಗ ಇದರ ಮೇಲೆ ಯಾಕಿಲ್ಲ? ಆದರೆ ವ್ಯವಸ್ಥೆ ಸರಿಹೋಗುವ ತನಕ ಮಕ್ಕಳು ಕಾಯಲಾರರು. ಕ್ಲಿಯರೆನ್ಸ್ ಯಾರ ಹಕ್ಕೂ ಅಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1988ರಲ್ಲೇ ಹೇಳಿದೆ. ಅನುಮಾನ ಬಂದರೆ ದೇಶದ ಭದ್ರತೆಯ ಪರವಾಗಿಯೇ ತೀರ್ಮಾನಿಸಬೇಕು ಎಂಬುದು ಮಾರ್ಗಸೂಚಿಯ ಮಾತು.

ಆ ಭಾನುವಾರ ಸಂಜೆ ಹುಡುಗ ಹೌದು ಎಂದೇ ಬರೆದ. ಯಾವ ತಿಂಗಳು, ಎಷ್ಟು ಸಲ, ಕೊನೆಯ ಸಲ ಯಾವಾಗ, ಎಲ್ಲಿ ಕೊಂಡದ್ದು, ಮುಂದೆ ಮುಟ್ಟುವುದಿಲ್ಲ ಎಂಬುದು, ಎಲ್ಲವನ್ನೂ ತುಂಬಿದ. ಅವನ ತಾಯಿ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತಿದ್ದರು. ಗೆಳೆಯ ಎದ್ದು ಹೊರಗೆ ಹೋಗಿ ಸ್ವಲ್ಪ ಹೊತ್ತು ಬಿಟ್ಟು ಬಂದು, "ನಂಗೆ ಗೊತ್ತಿರ್ಲಿಲ್ಲ ಕಣೋ" ಎಂದ.

ನಿಮ್ಮ ಮನೆಯಲ್ಲೂ ಈ ವರ್ಷ ಕಾಲೇಜಿಗೆ ಹೊರಟವರಿದ್ದರೆ ಸೂಟ್‌ಕೇಸ್ ಕಟ್ಟುವ ಮೊದಲು ಅವರ ಜೊತೆ ಕೂತು ಇದನ್ನು ಮಾತಾಡಿ. ಈಗಾಗಲೇ ಫಾರಂನಲ್ಲಿ ಇಲ್ಲ ಎಂದು ಬರೆದು ಕಳಿಸಿದ್ದರೂ ಕಾಲ ಮಿಂಚಿಲ್ಲ. ಅಧಿಕಾರಿ ಪ್ರಶ್ನೆ ಎತ್ತುವ ಮೊದಲೇ ತಾವಾಗಿ ಮುಂದೆ ಬಂದು ತಿದ್ದಿಕೊಂಡರೆ ಅದನ್ನು ಅವರ ಪರವಾಗಿ ಎಣಿಸಬಹುದು ಎಂದು ಇ ಮಾರ್ಗಸೂಚಿಯಲ್ಲಿ ಬರೆದಿದೆ. ಕ್ಲಿಯರೆನ್ಸ್ ವಿಷಯ ಬಲ್ಲ ವಕೀಲರೊಬ್ಬರನ್ನು ಕಂಡು ಈ ವಾರವೇ ತಿದ್ದಿಸಿ.